ಪ್ರಮಾಣ ವಾರ್ತೆ

(ಬೆಲರೂಸಿನ ಮಿನ್ಸ್ಕ್ ನಗರ, 2020ರ ಆಗಸ್ಟ್ ಮಾಸಾಂತ್ಯ. 1994ರಿಂದ ಒಬ್ಬನೇ ಅಧ್ಯಕ್ಷನ ಕೆಳಗೆ ಬಾಳಿದವರಿಗೆ ತರ್ಕಶಾಸ್ತ್ರವು ತಾನಾಗಿಯೇ ಸಿದ್ಧಿಸುತ್ತದೆ.)

ಮೊಮ್ಮಗ: ಚುನಾವಣೆಯಲ್ಲಿ ಅಧ್ಯಕ್ಷ ಲುಕಾಶೆಂಕೊ ಅವರಿಗೆ ನೂರಕ್ಕೆ 80 ಮತ ಬಿದ್ದಿದ್ದರೆ, ಬೀದಿ ತುಂಬಿರುವ ಈ ಜನರೆಲ್ಲ ಯಾರು, ತಾತ?

ತಾತ: ಅಧ್ಯಕ್ಷರೇ ಅಪ್ಪಣೆ ಕೊಡಿಸಿರುವರಲ್ಲ, ಹಳೆಯ ಅಪರಾಧಿಗಳು, ನಿರುದ್ಯೋಗಿಗಳು ಎಂದು.

ಮೊಮ್ಮಗ: ನಿರುದ್ಯೋಗಿಗಳು ಕಾರ್ಖಾನೆಗಳಲ್ಲಿ ಮುಷ್ಕರ ಹೂಡಿದ ಬಗೆ ಹೇಗೆ? ಟ್ರ್ಯಾಕ್ಟರು ಕಾರ್ಖಾನೆಯಲ್ಲಿ ಅಧ್ಯಕ್ಷರ ಎದುರಿಗೇ ‘ತೊಲಗು’ ಎಂದು ಕೂಗಿದವರು ಕಾರ್ಮಿಕರಲ್ಲವೇ?

ತಾತ: ದುಡುಕಬೇಡ, ಮಗು. ಪರಸ್ಪರ ವಿರುದ್ಧವಾದ ಎರಡು ವಾರ್ತೆಗಳು ಏಕಕಾಲದಲ್ಲಿ ಕಿವಿಗೆ ಬಿದ್ದು ಬುದ್ಧಿಯು ಡೋಲಾಯಮಾನವಾದಾಗ, ಯಾವುದನ್ನು ನಂಬಿದರೆ ಇರುಳಿನಲ್ಲಿ ಯಾರೂ ಬಂದು ಕದ ತಟ್ಟಲಾರರೋ ಅದನ್ನೇ ಪ್ರಮಾಣವೆಂದು ಅಂಗೀಕರಿಸತಕ್ಕದ್ದು. ನನ್ನ ಪಿಂಚಣಿಯೂ ಈ ಸಿದ್ಧಾಂತವನ್ನು ಅನುಮೋದಿಸುತ್ತದೆ.

ಮೊಮ್ಮಗ: ಚುನಾವಣೆಯಾದೊಡನೆ ಮೂರು ದಿನ ಅಂತರ್ಜಾಲ ಸ್ತಬ್ಧವಾಗಿದ್ದುದು?

ತಾತ: ವಿದೇಶೀಯರ ಕೃತ್ಯವಂತೆ. ಆದರೂ ಎಂಥ ಸುಖದ ದಿನಗಳವು! ವಾರ್ತೆಗಳಲ್ಲಿ ಲೇಶವಾದರೂ ವಿರೋಧ ಕಾಣಲಿಲ್ಲ.

ಮೊಮ್ಮಗ: 23ರಂದು ಅಧ್ಯಕ್ಷರು ರೈಫಲು ಹಿಡಿದು ಹೆಲಿಕಾಪ್ಟರಿನಲ್ಲಿ ಬಂದಿಳಿದರಲ್ಲ, ನಿರುದ್ಯೋಗಿಗಳಿಗೆ ಅಷ್ಟೊಂದು ಹೆದರಿಕೆಯೇ?

ತಾತ: ಹೆದರಿಕೆಯೆಲ್ಲಿ ಬಂತು? ಆ ರೈಫಲಿಗೆ ಗುಂಡು ತುಂಬುವ ಮ್ಯಾಗಜಿನ್ನೇ ಇರಲಿಲ್ಲ. ನಿನ್ನ ಮೊಬೈಲಿನಲ್ಲಿ ನಾನೇ ಕಂಡೆ; ಎಲ್ಲಿ, ಇನ್ನೊಮ್ಮೆ ತೋರಿಸು.