ಸ್ವಲ್ಪ ಸರ್ಕೊಳ್ರಿ

ದಾವಣಗೆರೆಯ ಕೆ.ಬಿ. ಬಡಾವಣೆಯಂಥ ಹಳೆಯ ಬಡಾವಣೆಗಳಲ್ಲಿ ವಕೀಲರು, ವೈದ್ಯರು, ನಿವೃತ್ತ ಅಧ್ಯಾಪಕರು, ಅಂಗಡಿ ಮಾಲೀಕರು ಮುಂತಾದವರ ನಡುವೆ ಬೆರೆತುಹೋಗಿ, ವಾರದ ಆರು ದಿನ ಯಾರ ಕಣ್ಣಿಗೂ ಬೇರೆಯಾಗಿ ಕಾಣದೆ, ಭಾನುವಾರದ ಬೆಳಗಿನ ಜಾವ ಮಾತ್ರ ಗುರುತು ಸಿಗುವ ಒಂದು ವರ್ಗವುಂಟು. ಅದು ಹವ್ಯಾಸಿ ಛಾಯಾಗ್ರಾಹಕರ ವರ್ಗ. ಫೋಟೋ ತೆಗೆದು ಹಣ ಪಡೆಯದವನು ಹವ್ಯಾಸಿ ಎಂಬುದು ಸಾಮಾನ್ಯ ವಿವರಣೆಯಾದರೂ, ಫೋಟೋ ತೆಗೆಯಲು ಹಣ ಕಳೆಯುವವನು ಹವ್ಯಾಸಿ ಎಂದು ಅವನ ಮನೆಯವರು ಕೊಡುವ ವಿವರಣೆಯೇ ಶಾಸ್ತ್ರಕ್ಕೆ ಹೆಚ್ಚು ಹತ್ತಿರವಾದದ್ದು. ವೃತ್ತಿಯವನಿಗೂ ಅವನಿಗೂ ಇರುವ ನಿಜವಾದ ಅಂತರ ಮಾತ್ರ ಹಣದ್ದಲ್ಲ. ಮದುವೆಮನೆಯ ಸ್ಟುಡಿಯೋದವನು ಬದುಕುವುದು ‘ಸ್ವಲ್ಪ ಹತ್ತಿರ ಬರ್ರಿ’ ಎಂಬ ಮಾತಿನ ಮೇಲೆ. ಹವ್ಯಾಸಿಯ ಇಡೀ ಸಾಧನೆ ನಿಂತಿರುವುದು ‘ಸ್ವಲ್ಪ ಸರ್ಕೊಳ್ರಿ’ ಎಂಬುದರ ಮೇಲೆ. ಪಾಳು ಗುಡಿ, ಹೊಳೆದಂಡೆ, ಹಳೆಯ ಕೋಟೆ, ಇವಿಷ್ಟೇ ಅವನಿಗೆ ಬೇಕು. ಅವುಗಳ ಮುಂದೆ ನಿಂತ ಮನುಷ್ಯರು ಬೇಡ.

ಇಂಥವನು ಮನೆಗೆ ಹಾಲು ತರಲು ಒಮ್ಮೆಯೂ ಏಳದ ಹೊತ್ತಿನಲ್ಲಿ ಎದ್ದು, ಗೇಟು ಕಿರುಗುಟ್ಟದಂತೆ ತೆಗೆದು ಹೊರಡುವುದಕ್ಕೆ ಭೌತಶಾಸ್ತ್ರದ ಆಧಾರವಿದೆ. ಸೂರ್ಯ ಬಾನಂಚಿನಲ್ಲಿರುವಾಗ ಅವನ ಬೆಳಕು ವಾಯುಮಂಡಲವನ್ನು ಓರೆಯಾಗಿ, ಬಹುದೂರ ಹಾಯ್ದು ಬರಬೇಕಾಗುವುದರಿಂದ ಅದರ ನೀಲಿ ಅಂಶ ದಾರಿಯಲ್ಲೇ ಚದುರಿಹೋಗಿ, ಕೆಂಪು ಹಳದಿಗಳು ಹೆಚ್ಚಾಗಿ ಉಳಿದು ತಲುಪುತ್ತವೆ. ಜೊತೆಗೆ ಆ ಬೆಳಕು ಪಕ್ಕದಿಂದ ಬೀಳುವುದರಿಂದ ಕಲ್ಲಿನ ಕೆತ್ತನೆಯ ಪ್ರತಿಯೊಂದು ಉಬ್ಬುತಗ್ಗಿಗೂ ನೆರಳು ಹುಟ್ಟಿ, ಶಿಲ್ಪ ಎದ್ದು ಕಾಣುತ್ತದೆ. ಹವ್ಯಾಸಿಗಳು ಇದನ್ನು ಹೊಂಬೆಳಕು ಎನ್ನುತ್ತಾರೆ. ಹಿಂದಿನ ರಾತ್ರಿ ಚಾರ್ಜಿಗೆ ಹಾಕಿದ ಬ್ಯಾಟರಿ ಚಾರ್ಜರಿನಲ್ಲೇ ಉಳಿದಿದೆ ಎಂಬ ಸಂಗತಿ ಅರ್ಧ ದಾರಿಯಲ್ಲಿ ಬೆಳಕಿಗೆ ಬಂದು, ತಿರುಗಿ ಹೋಗಿ ಬರುವಷ್ಟರಲ್ಲಿ ಹೊಂಬೆಳಕು ಕಳೆದು ಸಾದಾ ಬಿಸಿಲಾಗಿರುವುದು ಈ ಹವ್ಯಾಸದ ಅಲಿಖಿತ ನಿಯಮಗಳಲ್ಲಿ ಒಂದು.

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರ ಇಂಥವನ ಮೊದಲ ಗುರಿ. ಅಲ್ಲಿನ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದನು. ಅದರ ತೆರೆದ ಮುಖಮಂಟಪದ ಕಂಬಗಳನ್ನು ಬಳಪದ ಕಲ್ಲಿನಲ್ಲಿ ಕಡೆದಿದ್ದಾರೆ; ಗಣಿಯಿಂದ ತೆಗೆದಾಗ ಮೆದುವಾಗಿದ್ದು ಕಾಲ ಕಳೆದಂತೆ ಗಟ್ಟಿಯಾಗುವ ಈ ಕಲ್ಲನ್ನು ತಿರುಗಣೆಗೆ, ಅಂದರೆ ವಸ್ತುವನ್ನು ತಿರುಗಿಸುತ್ತ ಉಳಿ ಹಿಡಿದು ಕೊರೆಯುವ ಸಾಧನಕ್ಕೆ, ಕೊಟ್ಟು ಬಳೆಬಳೆಯಾಗಿ ರೂಪಿಸಿದ್ದರಿಂದ ಕಂಬದ ಹೊಳಪಿನಲ್ಲಿ ಎದುರಿಗೆ ನಿಂತವನ ಹೊಟ್ಟೆ ಇದ್ದದ್ದಕ್ಕಿಂತ ಉದ್ದವಾಗಿ, ಒಂದಿಷ್ಟು ತೆಳ್ಳಗಾಗಿ ಕಾಣುತ್ತದೆ. ಈ ಕಂಬಸಾಲನ್ನು ಸರಿಯಾದ ಕೋನದಿಂದ ಹಿಡಿಯುವುದಕ್ಕೆ ಎರಡು ಅಡ್ಡಿಗಳಿವೆ. ಒಂದನೆಯದು, ಸ್ಮಾರಕದ ಅಂದ ಕೆಡಿಸುವವರಿಗೆ ಶಿಕ್ಷೆಯಾಗುತ್ತದೆಂದು ಸಾರುವ ನೀಲಿ ಫಲಕ. ಇಂಥ ಫಲಕವನ್ನು ನಾಡಿನ ಯಾವುದೇ ಸ್ಮಾರಕದಲ್ಲಿ ಅಂದ ಅತಿ ಹೆಚ್ಚಾಗಿ ಕಾಣುವ ಜಾಗದಲ್ಲೇ ನೆಡುವ ವಾಡಿಕೆಯಿದೆ. ಎರಡನೆಯದು ಮುಕ್ಕಾಲಿಯ ಪ್ರಶ್ನೆ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮರಾಕ್ಕೆ ತಕರಾರಿಲ್ಲ, ಅದನ್ನು ಮೂರು ಕಾಲಿನ ಮೇಲೆ ನಿಲ್ಲಿಸಬೇಕಾದರೆ ಅನುಮತಿ ಬೇಕು. ಮೊಬೈಲಿನಲ್ಲಿ ಹಾಡಿನ ಚಿತ್ರೀಕರಣವನ್ನೇ ನಡೆಸುತ್ತಿರುವ ಹುಡುಗರನ್ನು ಕಾವಲುಗಾರ ಏನೂ ಅನ್ನದೆ, ನಡುಗುವ ಕೈಗೆ ಆಸರೆಯಾಗಿ ಮುಕ್ಕಾಲಿ ಬಿಚ್ಚಿದ ನಿವೃತ್ತರ ಹತ್ತಿರ ಬಂದು ‘ಯಾವ ಪೇಪರ್‌ನಾಗೆ ಬರ್ತತ್ರಿ ಇದು?’ ಎಂದು ವಿಚಾರಿಸುವುದರ ತರ್ಕ ಇಷ್ಟೇ: ಮೂರು ಕಾಲಿದ್ದಲ್ಲಿ ವರಮಾನ ಇರಲೇಬೇಕು.

ತಿರುಗಣೆಯ ಮಾತು ಬಂದದ್ದರಿಂದ ಇಲ್ಲಿ ತುಸು ನಿಲ್ಲಬೇಕು. ಇದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅದು ತಯಾರಿಸಿದ ಮುಖ್ಯ ಯಂತ್ರ ಲೇತ್, ಅಂದರೆ ಅದೇ ತಿರುಗಣೆ, ಕಲ್ಲಿನ ಬದಲು ಉಕ್ಕಿಗೆ. ಹದಿಮೂರನೆಯ ಶತಮಾನದಲ್ಲಿ ತಿರುಗಣೆಯ ಕೆಲಸಕ್ಕೆ ಮಾದರಿಯಾದ ಊರಿಗೆ ಇಪ್ಪತ್ತನೆಯ ಶತಮಾನದಲ್ಲಿ ತಿರುಗಣೆಯ ಕಾರ್ಖಾನೆಯೇ ಬಂದದ್ದು ಕಾಕತಾಳೀಯವಾದರೂ, ಯಾವ ಕಥೆಗಾರನೂ ಇಷ್ಟು ಸಲೀಸಾಗಿ ಹೊಂದಿಸಲಾರ. ಕಾರ್ಖಾನೆ ಈಗ ಮುಚ್ಚಿದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಹತ್ತಿ ಗಿರಣಿಗಳೂ ಒಂದರ ಹಿಂದೊಂದು ನಿಂತುಹೋಗಿವೆ. ಪಾಳನ್ನು ಹುಡುಕಿಕೊಂಡು ಪೆಟ್ರೋಲು ಸುಡುವ ಹವ್ಯಾಸಿ ಈ ಬೀಗ ಹಾಕಿದ ಗೇಟುಗಳ ಮುಂದೆಯೇ ಹಾದುಹೋಗುತ್ತಾನೆ, ಗಾಡಿ ನಿಲ್ಲಿಸುವುದಿಲ್ಲ. ಅವನ ಲೆಕ್ಕದಲ್ಲಿ ಪಾಳು ಎನ್ನಿಸಿಕೊಳ್ಳಲು ಒಂದು ಕಟ್ಟಡಕ್ಕೆ ಕನಿಷ್ಠ ನಾನೂರು ವರ್ಷ ವಯಸ್ಸಾಗಿರಬೇಕು, ಒಬ್ಬ ಅರಸನ ಹೆಸರು ಅಂಟಿರಬೇಕು. ಸೈರನ್ ಕೂಗಿದಾಗ ಊಟದ ಡಬ್ಬಿ ಹಿಡಿದು ಸ್ವಂತ ದೊಡ್ಡಪ್ಪನೇ ಹೋಗಿಬರುತ್ತಿದ್ದ ಜಾಗವನ್ನು ಇತಿಹಾಸವೆಂದು ಒಪ್ಪಲು ಅವನ ಮನಸ್ಸು ಬಾರದು. ಇದು ಅವನೊಬ್ಬನ ದೋಷವೂ ಅಲ್ಲ, ಪ್ರವಾಸಿ ಕೈಪಿಡಿಗಳ ಪದ್ಧತಿಯೇ ಹಾಗಿದೆ.

ಮತ್ತೆ ಗುಡಿಗೆ ಬರೋಣ. ದೇವಾಲಯದ ಹೆಸರಿಗೆ ಕಾರಣವಾದ ಮೂರ್ತಿ ಬಲಕ್ಕೆ ಶಿವ, ಎಡಕ್ಕೆ ವಿಷ್ಣು. ಶಿವನಿಂದಾಗಲಿ ವಿಷ್ಣುವಿನಿಂದಾಗಲಿ ಒಬ್ಬೊಬ್ಬರಿಂದ ಸಾವಿಲ್ಲವೆಂಬ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ದೇಹವಾದರೆಂದು ಸ್ಥಳಪುರಾಣ ಹೇಳುತ್ತದೆ. ಗರ್ಭಗುಡಿಯಲ್ಲಿ ಫೋಟೋ ತೆಗೆಯುವಂತಿಲ್ಲವಾದ್ದರಿಂದ ಹರಿಹರಕ್ಕೆ ಹೋದ ಹವ್ಯಾಸಿ ಹರಿಹರನೊಬ್ಬನನ್ನು ಬಿಟ್ಟು ಉಳಿದೆಲ್ಲವನ್ನೂ ಸೆರೆಹಿಡಿದು ತರುತ್ತಾನೆ. ತೆಗೆಯಲು ಬಿಟ್ಟಿದ್ದರೂ ಫಲ ಅಷ್ಟಕ್ಕಷ್ಟೇ ಇರುತ್ತಿತ್ತು: ಅರ್ಧ ಬೆಳಕು, ಅರ್ಧ ಕತ್ತಲಿರುವ ದೃಶ್ಯದಲ್ಲಿ ಕ್ಯಾಮರಾ ಒಂದು ಬದಿಗೆ ಅಳತೆ ಹಿಡಿದರೆ ಇನ್ನೊಂದು ಬದಿ ಕೈಬಿಡುತ್ತದೆ; ಶಿಲ್ಪಿ ಒಂದಾಗಿಸಿದ ದೇವರನ್ನು ಲೆನ್ಸು ಮತ್ತೆ ಇಬ್ಬರಾಗಿಸಿ ಗುಹಾಸುರನಿಗೆ ಅನುಕೂಲ ಮಾಡಿಕೊಡುತ್ತದೆ.

ಗುಡಿಯಿಂದ ಹೊಳೆಗೆ ನಡೆದು ಹೋಗುವಷ್ಟೇ ದೂರ. ಕೂಡಲಿಯಲ್ಲಿ ತುಂಗೆ ಭದ್ರೆಗಳು ಸೇರಿ ಹರಿದು ಬಂದ ತುಂಗಭದ್ರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ಮಡುಗಟ್ಟಿ, ಮಳೆಗಾಲದಲ್ಲಿ ಮೆಟ್ಟಿಲು ಮುಳುಗಿಸಿ ಹರಿಯುತ್ತದೆ. ಹವ್ಯಾಸಿಯ ಕನಸಿನ ಚಿತ್ರದಲ್ಲಿ ಮಂಜು, ಒಂದು ತೆಪ್ಪ, ಹಿಂಬದಿಗೆ 1868ರ ಹಳೆಯ ಸೇತುವೆಯ ಕಮಾನುಗಳು ಇರುತ್ತವೆ. ದಂಡೆಯ ಮೇಲೆ ವಾಸ್ತವವಾಗಿ ಇರುವವರು ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಪಿಂಡ ಬಿಡಲು ಬಂದವರು, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ‘ಅಣ್ಣಾ, ನಮ್ದೊಂದು ಹೊಡೀರಿ’ ಎಂದು ಅಡ್ಡ ಬರುವ ಹುಡುಗರು. ಒಬ್ಬಾಕೆ ಹಿಂಡಿ ಹರವಿದ ನೇರಳೆ ಸೀರೆ ಐದಾರು ಮೆಟ್ಟಿಲು ದಾಟಿ ಇಳಿದಿರುತ್ತದೆ; ಅದರ ಒಂದು ತುದಿಗೆ ಸೋಪಿನ ಡಬ್ಬಿಯನ್ನು ಭಾರವಾಗಿ ಇಟ್ಟಿರುತ್ತಾಳೆ. ಡಬ್ಬಿಯ ಮುಚ್ಚಳದ ಮೇಲೆ ಕೂತ ಕಾಗೆ ಅದನ್ನು ತೆರೆಯುವ ಉಪಾಯ ಹುಡುಕುತ್ತಿರುತ್ತದೆ. ಹವ್ಯಾಸಿ ಲೆನ್ಸಿಗೆ ಕಪ್ಪು ಗಾಜೊಂದನ್ನು ತಿರುಗಿಸಿ ಕೂರಿಸುತ್ತಾನೆ. ಬೆಳಕನ್ನು ಹಲವು ಪಟ್ಟು ತಗ್ಗಿಸುವ ಈ ಗಾಜಿನಿಂದಾಗಿ ಶಟರನ್ನು, ಎಂದರೆ ಬೆಳಕಿಗೆ ದಾರಿ ಬಿಡುವ ಪರದೆಯನ್ನು, ಅರ್ಧ ನಿಮಿಷ ತೆರೆದಿಡಬಹುದು. ಅಷ್ಟರಲ್ಲಿ ಹರಿಯುವ ನೀರು ಹೊಗೆಯಂತಾಗುತ್ತದೆ, ಓಡಾಡುವ ಜನ ಅಚ್ಚೊತ್ತದೆ ಅಳಿಸಿಹೋಗುತ್ತಾರೆ. ಬಾಯಿಬಿಟ್ಟು ಸರ್ಕೊಳ್ರಿ ಎನ್ನಲು ಸಂಕೋಚಪಡುವವರಿಗೆ ಇದು ಸಭ್ಯವಾದ ಮಾರ್ಗ.

ಈ ತಂತ್ರ ಹೊಸದೆಂದು ತಿಳಿಯಬೇಕಿಲ್ಲ. ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ, ಮೇಣ ತೊಯ್ಸಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪಿಯ ಚಿತ್ರಗಳನ್ನು ತೆಗೆದನು, ಅವನು ಕೆ.ಬಿ. ಬಡಾವಣೆಯವನಂತೆಯೇ ಶುದ್ಧ ಹವ್ಯಾಸಿ. ಅದೇ ದಶಕದಲ್ಲಿ ಮುಂಬಯಿ ಸರ್ಕಾರದ ವೈದ್ಯಕೀಯ ಸೇವೆಯ ಡಾಕ್ಟರ್ ಪಿಗೂ ಹರಿಹರದ ಇದೇ ದೇವಾಲಯಕ್ಕೆ ಕ್ಯಾಮರಾ ಹೂಡಿದನು; ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಗ್ರಂಥದಲ್ಲಿ ಅವನ ಚಿತ್ರಗಳು ಸೇರಿವೆ. ಕಾಗದದ ನೆಗೆಟಿವ್ ಬಹಳ ಮಂದ; ಬಿಸಿಲಿನಲ್ಲೂ ಅದಕ್ಕೆ ನಿಮಿಷಗಟ್ಟಲೆ ಬೆಳಕು ಉಣಿಸಬೇಕಾಗುತ್ತಿದ್ದುದರಿಂದ, ಅಷ್ಟು ಹೊತ್ತು ಅಲುಗದೆ ನಿಲ್ಲುವ ಗುಣ ಕಲ್ಲಿಗೆ ಮಾತ್ರ ಇತ್ತು. ಆ ಚಿತ್ರಗಳ ಗಂಭೀರ ಏಕಾಂತದಲ್ಲಿ ಒಂದು ಪಾಲು ಹೀಗೆ ರಾಸಾಯನಿಕದ ಕುಂದು. ಹಂಪಿಯ ಮಟ್ಟಿಗೆ ಜಾಗ ನಿಜಕ್ಕೂ ಬಿಕೋ ಎನ್ನುತ್ತಿದ್ದಿರಬಹುದು, ಆದರೆ ದಿನವೂ ಪೂಜೆ ನಡೆಯುವ ಹರಿಹರದ ಗುಡಿಗೆ ಆ ಮಾತು ಒಪ್ಪದು. ಇಂದಿನ ಹವ್ಯಾಸಿ ಈ ಕುಂದನ್ನೇ ಆದರ್ಶವೆಂದು ತಿಳಿದು, ದುಬಾರಿ ಗಾಜು ಕೊಂಡು ಅದನ್ನು ಮರಳಿ ಪಡೆಯುತ್ತಾನೆ. ತಮಾಷೆಯೆಂದರೆ, ಆ ಕಾಲದ ಚಿತ್ರಗಳಲ್ಲಿ ಎತ್ತರದ ಅಂದಾಜಿಗೆಂದು ಕಂಬದ ಪಕ್ಕ ನಿಲ್ಲಿಸಿದ ಒಬ್ಬ ಆಳು ಸಿಕ್ಕರೆ ವಿದ್ವಾಂಸರು ಕಂಬವನ್ನು ಬಿಟ್ಟು ಅವನ ರುಮಾಲು ಸುತ್ತಿದ ಕ್ರಮವನ್ನೇ ಭೂತಕನ್ನಡಿ ಹಿಡಿದು ನೋಡುತ್ತಾರೆ. ನೇರಳೆ ಸೀರೆಗೂ ಸೋಪಿನ ಡಬ್ಬಿಗೂ ಆ ಯೋಗ ಇದ್ದೇ ಇದೆ, ಯಾರಾದರೂ ಅವನ್ನು ಅಳಿಸದೆ ಬಿಟ್ಟರೆ.

ಉಳಿದ ಊರುಗಳಲ್ಲೂ ಕಥೆ ಇದೇ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿಯ ನಡುವಿನ ಮಂಟಪ, ನೀರಿನಲ್ಲಿ ತಲೆಕೆಳಗಾಗಿ ಅಲುಗದೆ ಕಾಣುವ ಕ್ಷಣಕ್ಕಾಗಿ ಹವ್ಯಾಸಿ ಹೊಟ್ಟೆ ಅಡಿಯಾಗಿ ಮಲಗಿ ಕಾಯುತ್ತಾನೆ; ಅವನು ಕಾಯುತ್ತಿರುವುದು ಏನನ್ನು ಎಂದು ತಿಳಿಯಲು ಒಬ್ಬ ಹುಡುಗ ನೀರಿಗೆ ಕಲ್ಲೆಸೆದು ಪರೀಕ್ಷಿಸುತ್ತಾನೆ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ಖಾಲಿಯಾಗಿ ಸಿಗುವುದು ಅಸಾಧ್ಯವೆಂದೇ ಹೇಳಬೇಕು. ‘ನಾಗರಹಾವು’ ಚಲನಚಿತ್ರವನ್ನು ಕಂಡ ನಾಡಿನ ಪ್ರತಿಯೊಂದು ಕುಟುಂಬದಲ್ಲೂ ಕಿಂಡಿಯಿಂದ ತಲೆ ಹೊರಹಾಕಿ ಹೈದರಾಲಿಯ ಸೈನಿಕನಾಗಲು ಒಬ್ಬ ಭಾವ, ನೀರಿನ ಬಾಟಲಿಯನ್ನೇ ಒನಕೆಯಾಗಿ ಎತ್ತಲು ಒಬ್ಬ ನಾದಿನಿ ಸಿದ್ಧರಿರುತ್ತಾರೆ. ಸಾಲಿನಲ್ಲಿ ನಿಂತ ಹವ್ಯಾಸಿಯ ಸರದಿ ಬರುವ ಹೊತ್ತಿಗೆ ಕೋಟೆಯ ಬಾಗಿಲು ಹಾಕುವ ಸಮಯವಾಗುತ್ತದೆ.

ಊರಿಗೆ ಮರಳಿದವನು ಮಂಡಕ್ಕಿ, ಮಿರ್ಚಿ ಮೆದ್ದ ಬೆರಳಿನಲ್ಲೇ ಲೆನ್ಸು ಮುಟ್ಟಿ, ಮುಂದಿನ ವಾರದ ಚಿತ್ರಗಳಿಗೆಲ್ಲ ಎಣ್ಣೆಯ ಮಂಜು ಕವಿಸಿಕೊಳ್ಳುತ್ತಾನೆ. ಆಗ್ಫಾ ಕ್ಲಿಕ್ ಕ್ಯಾಮರಾದ ಕಾಲದಲ್ಲಿ ರೋಲಿಗೆ 12 ಚಿತ್ರ ಮಾತ್ರ ಬರುತ್ತಿದ್ದುದರಿಂದ ಮನೆಯವರ ಸಹನೆ ಸಾಕಾಗುತ್ತಿತ್ತು. ಈಗ ಒಂದೇ ಕಂಬದ ನೂರೈವತ್ತು ಚಿತ್ರಗಳನ್ನು ಟೀವಿ ಪರದೆಗೆ ಹಚ್ಚಿ ತೋರಿಸುವಾಗ, ಹೆಂಡತಿ ಕುಕ್ಕರಿನ ನೆಪ ಹೇಳಿ ಏಳುತ್ತಾಳೆ, ತಂದೆ ಕೂತಲ್ಲೇ ನಿದ್ರೆ ಹೋಗುತ್ತಾರೆ. ಕೊನೆಯವರೆಗೂ ಕಣ್ಣು ಕೀಲಿಸಿ ನೋಡುವವಳು ಅಕ್ಕ ಒಬ್ಬಳೇ, ಅವಳದು ಬೇರೆ ಲೆಕ್ಕ. ಬ್ಯಾಗು ಹೊರಲು ಕರೆದೊಯ್ದು, ಬೆಳಕಿನ ಅಳತೆಗೆಂದು ಒಂದು ಗಳಿಗೆ ಕಂಬದ ಮುಂದೆ ನಿಲ್ಲಿಸಿದ್ದ ಅವಳ ಮಗ, ಅಳಿಸಲು ಮರೆತ ಒಂದು ಚಿತ್ರದಲ್ಲಿ ಉಳಿದುಕೊಂಡಿರುತ್ತಾನೆ. ‘ಇದೊಂದು ಚೆಂದ ಐತಿ ನೋಡು, ಇದನ್ನ ಕಳಿಸು’ ಎಂದು ಪಡೆದುಕೊಂಡು, ಮಂಟಪ, ಛಾವಣಿ, ಹೊಂಬೆಳಕು ಎಲ್ಲವನ್ನೂ ಬೆರಳ ತುದಿಯಲ್ಲಿ ಕತ್ತರಿಸಿ, ಹುಡುಗನ ಮುಖವನ್ನೂ ಕಿವಿಯ ಹಿಂದೆ ಉಳಿದ ಕಂಬದ ಎರಡು ಬಳೆಗಳನ್ನೂ ಜಾತಕದ ಜೊತೆಗೆ ಅವಳು ರಾಣೆಬೆನ್ನೂರಿಗೆ ರವಾನಿಸುತ್ತಾಳೆ. ಸಂಜೆಯೊಳಗೆ ಹೆಣ್ಣಿನ ಕಡೆಯವರ ಫೋನು ಬರುತ್ತದೆ: ‘ಹುಡುಗ ಯಾವ ಫ್ಯಾಕ್ಟರಿಯಾಗೆ ಅದಾನ್ರಿ? ಹಿಂದೆ ಏನೋ ಮಿಷಿನ್ ಕಾಣ್ತತಿ.’