ಸುಸ್ಥಿರತೆ: ಜೋಡಿಸುವ ಮತ್ತು ಬಳಸುವ ವಿಧಾನ

ಬಳಸುವ ಮುನ್ನ ಓದಿ

ಪೀಣ್ಯದಂಥ ಕಡೆ ನಲವತ್ತೈವತ್ತು ಮಂದಿ ದುಡಿಯುವ ಮಷೀನ್ ಶಾಪಿಗೆ ಮಾತ್ರ ಈ ಕೈಪಿಡಿ. ಗಾಜಿನ ಕಟ್ಟಡದ ಕಂಪನಿಗಳಿಗೆ ಬೇರೆಯದಿದೆ. ಅದರ ತುಂಬ ಎಲೆಯ ಚಿತ್ರಗಳಿರುತ್ತವೆ.

ಪೆಟ್ಟಿಗೆಯಲ್ಲಿ ಇರುವುದು: ಉತ್ಸಾಹಿ ಒಬ್ಬ (ನೀವೇ). ಇಲ್ಲದಿರುವುದು: ಬಜೆಟ್ಟು.

ಎಚ್ಚರಿಕೆ

'ಸುಸ್ಥಿರತೆ' ಎಂಬ ಪದವನ್ನು ಆವರಣದೊಳಗೆ ಉಚ್ಚರಿಸಬೇಡಿ. ಅಕೌಂಟ್ಸ್ ಮೇಡಂ ಕಿವಿಗೆ ಅದು ಸ್ಥಿರಾಸ್ತಿಯ ತಂಗಿಯಂತೆ ಕೇಳಿಸುತ್ತದೆ; ಸವಕಳಿ ಎಷ್ಟು ಎಂದು ಕೇಳಿಬಿಡುತ್ತಾರೆ. ಜೂನ್ 5ರ ಸಸಿ ನೆಡುವ ಕಾರ್ಯಕ್ರಮದಿಂದ ಆರಂಭಿಸುವುದೂ ಬೇಡ. ಸಸಿ ಪ್ರತಿ ವರ್ಷ ಹೊಸದು, ಗುಂಡಿ ಮಾತ್ರ ಹಳೆಯದೇ.

ಜೋಡಣೆ

ಊಟದ ಗಂಟೆ ಹೊಡೆದು ಎಲ್ಲ ಮಷೀನೂ ನಿಂತ ಮೇಲೆ ಕಂಪ್ರೆಸರ್ ಒಂದನ್ನು ಚಾಲೂ ಬಿಡಿ. ಆಗ ಗಾಳಿ ಯಾರಿಗೂ ಬೇಡ. ಆದರೂ ಅದು ಆಗಾಗ ಏದುಸಿರು ಬಿಡುತ್ತ ಲೋಡ್ ತೆಗೆದುಕೊಳ್ಳುತ್ತದೆ. ಗಡಿಯಾರ ಹಿಡಿದು ಪಕ್ಕದಲ್ಲಿ ನಿಲ್ಲಿ. ಎರಡು ನಿಮಿಷ ಲೋಡು, ಆರು ನಿಮಿಷ ಅನ್‌ಲೋಡು ಎಂದಾದರೆ ಎಂಟರಲ್ಲಿ ಎರಡು ಪಾಲು, ಅಂದರೆ ಕಂಪ್ರೆಸರ್ ತುಂಬಬಲ್ಲ ಗಾಳಿಯ 25%, ಪೈಪಿನ ತೂತುಗಳಿಗೆ ನೈವೇದ್ಯ.

ಈ ಲೆಕ್ಕ ಹಿಡಿದು ನೇರ ಯಜಮಾನರ ಕ್ಯಾಬಿನ್ನಿಗೆ ಓಡುವುದು ಎಲ್ಲ ಉತ್ಸಾಹಿಗಳೂ ಮಾಡುವ ತಪ್ಪು. ಮೊದಲು ಹಿರಿಯ ಫಿಟ್ಟರ್ ಹತ್ತಿರ ಹೋಗಿ. "ಅಣ್ಣಾ, ಈ ಸುಯ್ ಅನ್ನೋ ಸದ್ದು ಎಲ್ಲಿಂದ ಬರ್ತಿದೆ?" ಎಂದು ಏನೂ ತಿಳಿಯದವರಂತೆ ಕೇಳಿ. ಅವರು ತಲೆಯೆತ್ತದೆ ಏಳು ಜಾಗ ಹೇಳುತ್ತಾರೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಿದ್ದು ಇವತ್ತು ತಾನೇ ಸಾರ್?" ಎನ್ನುತ್ತಾರೆ. ಈ ಉತ್ತರಕ್ಕೆ ಸಮಜಾಯಿಷಿ ಕೊಡಬೇಡಿ. ಸೋಪಿನ ನೀರಿನ ಬಕೆಟ್ಟು ಹಿಡಿದು ಅವರ ಹಿಂದೆ ನಡೆಯಿರಿ; ಗುಳ್ಳೆ ಎದ್ದ ಕಡೆ ಸೀಮೆಸುಣ್ಣದ ಗುರುತು ಹಾಕಿ. ಮುಂದಿನದೆಲ್ಲ ಕ್ಲಾಂಪು, ಟೇಪು, ಒಂದೆರಡು ಹೊಸ ಹೋಸ್ ಪೈಪು.

ಸೋರಿಕೆ ನಿಂತ ಮೇಲೆ ಒತ್ತಡವನ್ನು 7 ಬಾರ್‌ನಿಂದ 6ಕ್ಕೆ ಇಳಿಸಿ ನೋಡಬಹುದು. ಕಂಪ್ರೆಸರಿನ ಕರೆಂಟಿನಲ್ಲಿ ಸುಮಾರು 6-7% ಉಳಿಯುತ್ತದೆ. ಪ್ರತಿಭಟನೆ ಶುರುವಾಗುವುದೂ ಇಲ್ಲೇ. ಪ್ರೊಡಕ್ಷನ್ ಬೀಳುತ್ತೆ ಎಂದು ಎಲ್ಲರಿಗಿಂತ ಜೋರಾಗಿ ಕೂಗುವವರನ್ನು ಸಂಜೆ ಐದೂವರೆಗೆ ಗಮನಿಸಿ: ಏರ್ ಗನ್ನಿನಿಂದ ಪ್ಯಾಂಟಿನ ಧೂಳು ಹಾರಿಸಿಕೊಳ್ಳುತ್ತಿರುತ್ತಾರೆ. ಅದು ಅಪಾಯ ಎಂದು ಗೋಡೆಗೆ ಬರೆದು ಅಂಟಿಸಿದರೆ ಓದುವವರಿಲ್ಲ. ಬಟ್ಟೆ ಉಜ್ಜುವ ಬ್ರಷ್ಷು ನಾಲ್ಕು ತಂದು ಗೇಟಿನ ಬಳಿ ನೇತುಹಾಕಿ. (ಕದಿಯುತ್ತಾರೆ. ಇನ್ನೂ ನಾಲ್ಕು ತನ್ನಿ.)

ನಲ್ಲಿಗಳ ಚಿಂತೆ ಬೇಡ. 2024ರ ಬೇಸಿಗೆಯಲ್ಲಿ ಜಲಮಂಡಳಿಯೇ ಅವಕ್ಕೆ ನೀರುಳಿಸುವ ಏರಿಯೇಟರ್ ಕಡ್ಡಾಯ ಎಂದಿತು. ದಂಡದ ಮಾತು ನಮ್ಮ ಮಾತಿಗಿಂತ ಬೇಗ ಮನಸ್ಸಿಗೆ ನಾಟುತ್ತದೆ.

ಯಜಮಾನರ ಭಾಷೆ

'ನೋಡೋಣ' ಎಂದರೆ ಇಲ್ಲ. 'ಕೊಟೇಶನ್ ತರಿಸಿ' ಎಂದರೆ ಇಲ್ಲ ಅನ್ನಲು ಕಾಗದ ಬೇಕು. 'ದುಡ್ಡೇನೂ ಬೇಡ ತಾನೇ?' ಎಂದರೆ ಹೌದು.

ಅವರ ಮುಂದೆ ಇಂಗಾಲದ ಹೆಜ್ಜೆಗುರುತು ಇಡಬೇಡಿ, ಹೋದ ತಿಂಗಳ ಮತ್ತು ಈ ತಿಂಗಳ ಬೆಸ್ಕಾಂ ಬಿಲ್ಲು ಇಡಿ. ಆಮೇಲೆ ಬಾಗಿಲ ತನಕ ಹೋಗಿ, ಏನೋ ನೆನಪಾದವರಂತೆ ತಿರುಗಿ, "ದೊಡ್ಡ ಕಸ್ಟಮರ್‌ಗಳು ಈಗ ಇದನ್ನೆಲ್ಲ ಕೇಳ್ತಾರೆ ಸಾರ್" ಎನ್ನಿ. ಸುಳ್ಳಲ್ಲ. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದೆ. ಆ ಪ್ರಶ್ನೆಗಳು ಅವರಿಗೆ ಬಿಡಿಭಾಗ ಕೊಡುವವರ ಬಾಗಿಲಿಗೂ ಬರುತ್ತವೆ. ಆರ್ಡರ್ ಕೈತಪ್ಪುವ ಭಯ ಹಸಿರು ಬಣ್ಣದಲ್ಲಿ ಬಂದರೂ ಯಜಮಾನರು ಗುರುತು ಹಿಡಿಯುತ್ತಾರೆ.

ನಿರ್ವಹಣೆ

ಆಯುಧಪೂಜೆಯ ದಿನ ಮಷೀನುಗಳೆಲ್ಲ ನಿಂತಿರುತ್ತವೆ. ಕಂಪ್ರೆಸರಿಗೂ ಕುಂಕುಮ, ಚೆಂಡುಹೂವು. ಕುಂಬಳಕಾಯಿ ಒಡೆದಾದ ಮೇಲೆ ಯಜಮಾನರು ಬಂದ ನೆಂಟರನ್ನು ಅಲ್ಲಿಗೇ ಕರೆತಂದು, "ಒಂದಿನ ಹೀಗೇ ನಿಂತಿದ್ದೆ, ಸುಯ್ ಅಂತ ಸದ್ದು ಕೇಳ್ತು ನೋಡಿ" ಎಂದು ಶುರುಮಾಡುತ್ತಾರೆ. ಫಿಟ್ಟರ್ ಅಣ್ಣ ನಿಮ್ಮ ಕಡೆ ನೋಡುತ್ತಾರೆ. ಅಷ್ಟರಲ್ಲಿ ನಿಮ್ಮ ಬಾಯಿ ತುಂಬ ಮಂಡಕ್ಕಿ ಇರಬೇಕು.