ಸರ್ವರಣ್ಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸೊಸೈಟಿ, ಕೊಬ್ಬರಿ ಮಂಡಿ, ಆಡಿಟರ್ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಸರ್ವರಣ್ಣ ಎನ್ನಬಹುದು. ಶೆಟ್ಟಿಕೆರೆಯಂಥ ಹೋಬಳಿಗೆ ಒಬ್ಬನಾದರೂ ಇರುತ್ತಾನೆ. ಬೈಕಿನ ಬ್ಯಾಗಿನಲ್ಲಿ ಸ್ಕ್ರೂಡ್ರೈವರ್, ಒಂದಷ್ಟು ಬಿಲ್ಲೆ ಬ್ಯಾಟರಿ, ಜೊತೆಗೆ ಹಿಂದಿನ ಗಿರಾಕಿ ದುಡ್ಡಿನ ಬದಲು ಕೊಟ್ಟ ತೆಂಗಿನಕಾಯಿ.

ಸರ್ವರಿನ ಗಡಿಯಾರ ತಪ್ಪಿದ ದಿನ ಇವನ ಸ್ವಭಾವ ಪೂರ್ತಿ ಬಯಲಾಗುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ತೂಗಿದ ಕೊಬ್ಬರಿಗೆ ಕತ್ತಲಲ್ಲೇ, ಐದೂವರೆಗೇ ಬಿಲ್ಲಾಗಿರುತ್ತದೆ. "ಮಾಲು ಬರೋಕ್ ಮುಂಚೇನೇ ಬಿಲ್ ಆಗ್ಬಿಟ್ಟೈತಲ್ಲಣ್ಣ" ಎಂದು ಗುಮಾಸ್ತ ಗೋಳಾಡಿದರೆ "ನೆಟ್ ಪ್ರಾಬ್ಲಮ್ಮು" ಎನ್ನುತ್ತಾನೆ. ನೆಟ್ಟನ್ನು ಇನ್ನೂ ನೋಡಿರುವುದಿಲ್ಲ.

ಮೊದಲ ಚಿಕಿತ್ಸೆ, ಕೈಗಡಿಯಾರ ನೋಡಿ ಸರ್ವರಿನ ಸಮಯ ತಿದ್ದುವುದು. ವಾಚು ಮದುವೆಯಲ್ಲಿ ಮಾವ ಕೊಟ್ಟ ಎಚ್‌ಎಂಟಿ. ತುಮಕೂರಿನ ಕಾರ್ಖಾನೆಯದೇ ಎಂಬ ಹೆಮ್ಮೆ ಬೇರೆ. ಬಸ್ಸು ತಪ್ಪಬಾರದೆಂದು ಅದನ್ನು ಹತ್ತು ನಿಮಿಷ ಮುಂದಿಟ್ಟಿರುತ್ತಾನೆ. ವಿಂಡೋಸ್ ಡೊಮೈನಿನಲ್ಲಿ ಗುರುತು ಪರೀಕ್ಷಿಸುವ ಕರ್ಬರೋಸ್ ಸಾಮಾನ್ಯವಾಗಿ ಸಹಿಸುವುದು 5 ನಿಮಿಷದ ಅಂತರವನ್ನಷ್ಟೇ. ಹೀಗಾಗಿ ಗಡಿಯಾರ "ಸರಿಯಾದ" ಮೇಲೆ ಲಾಗಿನ್‌ಗಳೂ ಕೈಕೊಡುತ್ತವೆ.

ಎರಡನೇ ಸುತ್ತಿಗೆ ವಿವೇಕ ಮೂಡುತ್ತದೆ. ಹಿಂದಿದ್ದ ವ್ಯತ್ಯಾಸ ನಿಖರವಾಗಿ 5 ಗಂಟೆ 30 ನಿಮಿಷವಾದರೆ ಗಡಿಯಾರ ಕೆಟ್ಟಿಲ್ಲ. ಸಮಯವಲಯ ಜಾಗತಿಕ ಸಮಯವಾದ ಯುಟಿಸಿಯಲ್ಲೇ ಉಳಿದಿದೆ. ವಾಚು ನೋಡಿ ತಿದ್ದಿದ್ದನ್ನು ಮೊದಲಿನಂತೆ ಮಾಡಿ, ವಲಯವನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸಿದರೆ ಆಯಿತು. (ಶೆಟ್ಟಿಕೆರೆಗೂ ಕೋಲ್ಕತಾಕ್ಕೂ ಏನು ನೆಂಟಸ್ತಿಕೆ ಎಂದು ಗುಮಾಸ್ತ ಕೇಳಿಯೇ ಕೇಳುತ್ತಾನೆ.) ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಹಳೆಯ ವರ್ಷಕ್ಕೆ ಜಾರಿದರೆ ಮದರ್‌ಬೋರ್ಡಿನ 3 ವೋಲ್ಟಿನ ಸಿಆರ್2032 ಬ್ಯಾಟರಿ ಸತ್ತಿರಬೇಕು. ದಿನಕ್ಕೆ ಒಂದೆರಡು ಸೆಕೆಂಡ್ ಸರಿಯುವುದು ಯಂತ್ರದೊಳಗಿನ ಹರಳಿನ ಸಹಜ ಗುಣ. ಅಂಥದ್ದನ್ನು ತಿದ್ದಲೆಂದೇ 1985ರಲ್ಲಿ ಡೇವಿಡ್ ಮಿಲ್ಸ್ ಪ್ರಕಟಿಸಿದ ಎನ್‌ಟಿಪಿ ಇದೆ. ಅದರ ಮಾತುಕತೆ ಯುಡಿಪಿ 123ನೇ ಪೋರ್ಟಿನಲ್ಲಿ. ವೈರಸ್ ಬರುತ್ತದೆಂದು ಆ ಪೋರ್ಟನ್ನು ಹಿಂದೊಮ್ಮೆ ಮುಚ್ಚಿದವನು ಸರ್ವರಣ್ಣನೇ. ಈಗ "ಯಾವನೋ ಮುಚ್ಚವ್ನೆ" ಎಂದು ಬೈಯುತ್ತ ತೆರೆಯುತ್ತಾನೆ.

ತೆರೆದರೂ ಕೆಲಸ ಮುಗಿಯದು. ಅಂತರ 1000 ಸೆಕೆಂಡ್ ಮೀರಿದ್ದರೆ ಎನ್‌ಟಿಪಿ ನಡೆಸುವ ಹಳೆಯ ತಂತ್ರಾಂಶ ಎನ್‌ಟಿಪಿಡಿ ತಿದ್ದುವ ಬದಲು ತಾನೇ ನಿಂತುಬಿಡುತ್ತದೆ. ಮೊದಲು ದೊಡ್ಡ ಅಂತರವನ್ನು ಒಮ್ಮೆ ಕೈಯಾರೆ ತೊಡೆಯಬೇಕು, ಅದೂ ಬಿಲ್ಲಿಂಗ್ ನಿಲ್ಲಿಸಿ. ಗಡಿಯಾರ ಹಿಂದಕ್ಕೆ ಜಿಗಿದರೆ ಅದೇ ಗಳಿಗೆ ಎರಡು ಸಲ ಬಂದು ದಾಖಲೆಯ ಕ್ರಮ ಕದಡುತ್ತದೆ. ಸರ್ವರ್ ವರ್ಚುವಲ್ ಆಗಿದ್ದರೆ, ಎಂದರೆ ಬೇರೊಂದು ಯಂತ್ರದೊಳಗೆ ಓಡುವಂಥದ್ದಾದರೆ, ಇನ್ನೊಂದು ಫಜೀತಿ: ಸೊಸೆ ಜೋಡಿಸಿಟ್ಟ ಡಬ್ಬಗಳನ್ನು ಅತ್ತೆ ಮತ್ತೆ ಜೋಡಿಸುವಂತೆ, ಒಳಗಿನ ಯಂತ್ರ ತಿದ್ದಿದ್ದನ್ನು ಹೊರಗಿನದು ತನ್ನ ಸಮಯಕ್ಕೆ ಎಳೆಯುತ್ತದೆ. ಇಬ್ಬರಲ್ಲಿ ಒಬ್ಬರನ್ನು ಸುಮ್ಮನಿರಿಸಲೇಬೇಕು.

ಸಮಯವನ್ನು ಎಲ್ಲಿಂದ ತರಬೇಕೆಂಬುದಕ್ಕೆ ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ ನಿರ್ದೇಶನವಿದೆ: ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿ ಇಲ್ಲವೇ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್, ಅಥವಾ ಅವನ್ನು ಅನುಸರಿಸುವ ಸರ್ವರ್. ಸರ್ವರಣ್ಣ ಅದರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾನೆ. ವಿಳಾಸವನ್ನು ಸರ್ವರಿಗೆ ತುಂಬುವುದು ಮುಂದಿನ ಭೇಟಿಯಲ್ಲಿ. ಇಷ್ಟಕ್ಕೂ ಬಿಲ್ಲಿನಲ್ಲಿ ಒಂದೇ ಸಾಲು, "ಸರ್ವರ್ ಸರ್ವಿಸ್". ಬ್ಯಾಟರಿ ದುಡ್ಡು ಬೇರೆ.